ಮಳೆಗಾಲದ ಶಾಲೆಯಲ್ಲಿ ಫ್ಲೂ ಹರಡದಂತೆ ನೋಡಿಕೊಳ್ಳುವ ಬಗೆ

ಕೊಡಗಿನಲ್ಲಿ ಶಾಲೆಯ ಬಾಗಿಲು ತೆರೆಯುವುದೂ ಮುಂಗಾರು ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಬೇಸಿಗೆ ರಜೆಯಲ್ಲಿ ಬೇರೆ ಬೇರೆ ಊರುಗಳಿಗೆ, ನೆಂಟರಿಷ್ಟರ ಮನೆಗಳಿಗೆ ಹೋಗಿ ಬಂದ ಮಕ್ಕಳು ಜೂನ್ ತಿಂಗಳಲ್ಲಿ ಒಂದೇ ಕೊಠಡಿಯಲ್ಲಿ ಸೇರುತ್ತಾರೆ. ಅದೇ ಹೊತ್ತಿಗೆ ಗಾಳಿಮಳೆಗೆ ಹೆದರಿ ಆ ಕೊಠಡಿಯ ಕಿಟಕಿಗಳನ್ನೆಲ್ಲ ಮುಚ್ಚಲಾಗುತ್ತದೆ. ಭಾಗಮಂಡಲ, ಶಾಂತಳ್ಳಿ, ಶ್ರೀಮಂಗಲದ ಕಡೆ ದಿನಗಟ್ಟಲೆ ಬಿಸಿಲು ಕಾಣದಿರುವಾಗ, ಒದ್ದೆ ಸ್ವೆಟರುಗಳ ವಾಸನೆಯ ನಡುವೆ, ಒಂದು ಬೆಂಚಿಗೆ ನಾಲ್ವರಂತೆ ಒತ್ತಾಗಿ ಕುಳಿತ ಮಕ್ಕಳಲ್ಲಿ ಒಬ್ಬರಿಗೆ ಫ್ಲೂ ಬಂದರೆ ಅದು ಅಕ್ಕಪಕ್ಕದವರಿಗೆ ದಾಟಲು ಹೆಚ್ಚು ದಿನ ಬೇಕಿಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆಯಾದರೂ ಚಳಿಗಾಳಿಗೆ ಕಿಟಕಿ ಮುಚ್ಚುವ ಅಭ್ಯಾಸ ಅಲ್ಲಿಯೂ ಇದ್ದೇ ಇದೆ.

ಈ ಹರಡುವಿಕೆಯನ್ನು ಪೂರ್ತಿಯಾಗಿ ನಿಲ್ಲಿಸಲು ಯಾವ ಶಾಲೆಗೂ ಸಾಧ್ಯವಿಲ್ಲ, ಆದರೆ ಬಹುಮಟ್ಟಿಗೆ ತಗ್ಗಿಸಲು ಎಲ್ಲ ಶಾಲೆಗಳಿಗೂ ಸಾಧ್ಯವಿದೆ. ನನ್ನ ತಿಳಿವಳಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸವೆಂದರೆ ಜ್ವರವಿರುವ ಮಗು ಮನೆಯಲ್ಲೇ ಉಳಿಯುವಂತೆ ಶಾಲೆಯೇ ದಾರಿ ಮಾಡಿಕೊಡುವುದು. ಎರಡನೆಯದು ಕಿಟಕಿ. ಸೋಪು, ಮಾಸ್ಕ್, ಸ್ಯಾನಿಟೈಸರ್‌ಗಳು ಬೇಕೇ ಬೇಕು, ಆದರೆ ಅವುಗಳ ಸರದಿ ಇವೆರಡರ ನಂತರ. ಎಷ್ಟೋ ಕಡೆ ಈ ಕ್ರಮ ತಲೆಕೆಳಗಾಗುವುದಕ್ಕೆ ಕಾರಣವೂ ಸರಳವಾಗಿಯೇ ಇದೆ: ಸ್ಯಾನಿಟೈಸರ್ ಬಾಟಲಿ ಕೊಳ್ಳುವುದು ಸುಲಭ, ಅದಕ್ಕೆ ಬಿಲ್ಲೂ ಸಿಗುತ್ತದೆ.

ರೋಗ ಹೇಗೆ ನಡೆಯುತ್ತದೆ

ಫ್ಲೂ ಎಂದರೆ ಇನ್‌ಫ್ಲುಯೆಂಜಾ ವೈರಾಣುವಿನಿಂದ ಮೂಗು, ಗಂಟಲು, ಶ್ವಾಸಕೋಶಗಳಿಗೆ ತಗಲುವ ಸೋಂಕು. ಮಳೆಯಲ್ಲಿ ನೆನೆದ ಮಾತ್ರಕ್ಕೆ ಅದು ಬರುವುದಿಲ್ಲ. ಸೋಂಕಿರುವ ಇನ್ನೊಬ್ಬರಿಂದಲೇ ಬರಬೇಕು. ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತನಾಡಿದಾಗ ಹೊರಬೀಳುವ ಹನಿಗಳು ಸುಮಾರು 6 ಅಡಿ ದೂರದವರೆಗಿನವರ ಮೂಗು ಬಾಯಿಗಳನ್ನು ತಲುಪುತ್ತವೆ, ಇನ್ನೂ ಸಣ್ಣ ಕಣಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲಿಕೊಂಡಿರುತ್ತವೆ. ಸ್ಟೀಲ್ ಮತ್ತು ಪ್ಲಾಸ್ಟಿಕ್‌ನಂತಹ ನುಣುಪಾದ ವಸ್ತುಗಳ ಮೇಲೆ ವೈರಾಣು 24ರಿಂದ 48 ಗಂಟೆಗಳವರೆಗೆ ಉಳಿಯಬಲ್ಲದು. ಬಟ್ಟೆ ಮತ್ತು ಕಾಗದದ ಮೇಲೆ ಅದರ ಆಯುಸ್ಸು ಅಷ್ಟಿಲ್ಲ.

ಸೋಂಕು ತಗಲಿದ 1ರಿಂದ 4 ದಿನಗಳಲ್ಲಿ, ಸಾಮಾನ್ಯವಾಗಿ ಎರಡನೆಯ ದಿನದ ಹೊತ್ತಿಗೆ, ರೋಗ ಕಾಣಿಸಿಕೊಳ್ಳುತ್ತದೆ. ಶಾಲೆಗೆ ತೊಡಕಾಗುವ ಸಂಗತಿ ಇದಲ್ಲ, ಮುಂದಿನದು. ಲಕ್ಷಣಗಳು ಕಾಣುವ ಒಂದು ದಿನ ಮೊದಲೇ ಆ ವ್ಯಕ್ತಿ ಸೋಂಕು ಹರಡಲು ತೊಡಗಿರುತ್ತಾನೆ, ಆಮೇಲೆ 5ರಿಂದ 7 ದಿನ ಹರಡುತ್ತಲೇ ಇರುತ್ತಾನೆ. ಚಿಕ್ಕ ಮಕ್ಕಳಲ್ಲಿ ಈ ಅವಧಿ ಇನ್ನೂ ಹೆಚ್ಚು. ಮೊದಲ ಮೂರು ನಾಲ್ಕು ದಿನಗಳು ಎಲ್ಲಕ್ಕಿಂತ ಅಪಾಯದವು.

ಸಾಮಾನ್ಯ ನೆಗಡಿ ನಿಧಾನವಾಗಿ ಏರುತ್ತದೆ, ಮಗು ಮೂಗು ಸೋರಿಸಿಕೊಂಡೇ ಆಡುತ್ತಿರುತ್ತದೆ. ಫ್ಲೂ ಹಾಗಲ್ಲ, ಬೆಳಗ್ಗೆ ಚೆನ್ನಾಗಿದ್ದ ಮಗುವಿಗೆ ಸಂಜೆ ಹೊತ್ತಿಗೆ ಮೈ ಸುಡುವ ಜ್ವರ, ಚಳಿ, ತಲೆನೋವು, ಕೈಕಾಲು ನೋವು, ಒಣ ಕೆಮ್ಮು, ಎದ್ದು ಕೂರಲಾಗದ ಸುಸ್ತು. ಮಕ್ಕಳಲ್ಲಿ ವಾಂತಿ, ಭೇದಿಯೂ ಸೇರಿಕೊಳ್ಳಬಹುದು. ಮಳೆಗಾಲದಲ್ಲಿ ಡೆಂಗಿ ಮತ್ತು ಇಲಿ ಜ್ವರಗಳೂ ಇರುವುದರಿಂದ, ಕೆಮ್ಮು ನೆಗಡಿಗಳಿಲ್ಲದೆ ಜ್ವರ ಮಾತ್ರ ಜೋರಾಗಿದ್ದರೆ, ಕಣ್ಣಿನ ಹಿಂಭಾಗ ನೋಯುತ್ತಿದ್ದರೆ, ಮೈಮೇಲೆ ದದ್ದುಗಳೆದ್ದಿದ್ದರೆ ಅಥವಾ ಕಣ್ಣು ಕೆಂಪಾಗಿದ್ದರೆ ಫ್ಲೂ ಎಂದು ತಾವೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಬೇಕು.

ಜ್ವರವಿರುವ ಮಗು ಮನೆಯಲ್ಲಿರಲು

ನಿಯಮವನ್ನು ಹೇಳುವುದು ಸುಲಭ. ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿರುವ ಮಗು ಶಾಲೆಗೆ ಬರಬಾರದು. ಜ್ವರ ಇಳಿಸುವ ಔಷಧಿ ಕೊಡದೆಯೇ 24 ಗಂಟೆ ಜ್ವರವಿಲ್ಲದೆ ಕಳೆದ ಮೇಲೆ ಮತ್ತು ಮಗು ಗೆಲುವಾದ ಮೇಲೆ ಬರಬಹುದು. ಈ ಎರಡನೆಯ ಭಾಗವೇ ಎಲ್ಲರ ಕಣ್ಣು ತಪ್ಪಿಸಿಕೊಳ್ಳುವುದು. ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ನಾಲ್ಕರಿಂದ ಆರು ಗಂಟೆ ತಗ್ಗುತ್ತದೆ, ಆದರೆ ಸೋಂಕು ಎಲ್ಲೂ ಹೋಗಿರುವುದಿಲ್ಲ. ಬೆಳಗ್ಗೆ ಏಳಕ್ಕೆ ಸಿರಪ್ ಕುಡಿಸಿ ಕಳುಹಿಸಿದ ಮಗು ಪ್ರಾರ್ಥನೆಯ ಹೊತ್ತಿಗೆ ಸಾಲಿನಲ್ಲಿ ನೆಟ್ಟಗೆ ನಿಂತಿರುತ್ತದೆ, ಮೂರನೆಯ ಪೀರಿಯಡ್ಡಿಗೆ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿರುತ್ತದೆ, ಬಿಸಿಯೂಟದ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿದಿರುತ್ತದೆ. ಅಷ್ಟರೊಳಗೆ ಅದು ಆ ಬೆಂಚಿನ ಮೂವರ ಜೊತೆ ಅರ್ಧ ದಿನ ಕಳೆದಿರುತ್ತದೆ. ಹೀಗೆ ತಲೆಯಿಟ್ಟು ಮಲಗಿದ ಮಗುವನ್ನು ಕಂಡಾಗ ಶಿಕ್ಷಕರು ಗದರುವ ಮೊದಲು ಹಣೆ ಮುಟ್ಟಿ ನೋಡಬೇಕು.

ಆದರೆ ಪೋಷಕರು ಹೀಗೆ ಮಾಡುವುದು ಅಜ್ಞಾನದಿಂದ ಎಂದು ಭಾವಿಸಿದರೆ ಪರಿಹಾರ ಸಿಗುವುದಿಲ್ಲ. ಕಾಫಿ ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟರೊಳಗೆ ಕೆಲಸಕ್ಕೆ ಹೊರಡಬೇಕು, ಒಬ್ಬರು ಉಳಿದರೆ ಆ ದಿನದ ಕೂಲಿ ಹೋಯಿತು. ನವೆಂಬರಿನಿಂದ ಫೆಬ್ರವರಿಯವರೆಗೆ ಹಣ್ಣು ಕೊಯ್ಯುವ ಕಾಲದಲ್ಲಿ ಕೊಯ್ದಷ್ಟು ಕಾಸು ಎಂಬ ಲೆಕ್ಕವಿರುವಾಗ ಮನೆಯಲ್ಲಿ ಕೂರುವುದು ಇನ್ನೂ ಕಷ್ಟ. ಶಾಲೆಯಲ್ಲಿ ಬಿಸಿಯೂಟವಿದೆ, ನೋಡಿಕೊಳ್ಳಲು ಟೀಚರ್ ಇದ್ದಾರೆ, ಮನೆಯಲ್ಲಿ ಮಗು ಒಂಟಿ. ಹೀಗಿರುವಾಗ ಮಗುವನ್ನು ಶಾಲೆಗೆ ಕಳುಹಿಸುವ ತಾಯಿಯ ನಿರ್ಧಾರದಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ.

ಇದಕ್ಕೆ ಶಾಲೆ ಮಾಡಬಹುದಾದ ಕೆಲಸಗಳಿವೆ. ಜೂನ್ ತಿಂಗಳ ಮೊದಲ ಪೋಷಕರ ಸಭೆಯಲ್ಲೇ, ಜ್ವರ ಬಂದರೆ ಮಗುವನ್ನು ಹಗಲು ಯಾರು ನೋಡಿಕೊಳ್ಳುತ್ತಾರೆ ಎಂದು ಪ್ರತಿಯೊಂದು ಮನೆಯವರನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು: ಅಜ್ಜಿಯೋ, ಪಕ್ಕದ ಲೈನಿನ ದೊಡ್ಡಮ್ಮನೋ, ಯಾರೂ ಇಲ್ಲವೋ ಎಂಬುದು ಆಗಲೇ ತಿಳಿಯುತ್ತದೆ. ಯಾರೂ ಇಲ್ಲದ ಮಕ್ಕಳ ಹೆಸರು ಸಾಮಾನ್ಯವಾಗಿ ಬೆರಳೆಣಿಕೆಯಷ್ಟೇ ಇರುತ್ತದೆ. ಅವರ ವಿಷಯದಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಅಥವಾ ಮುಖ್ಯೋಪಾಧ್ಯಾಯರು ತೋಟದ ಮಾಲೀಕರನ್ನೋ, ಕೆಲಸದ ಲೆಕ್ಕ ನೋಡುವ ರೈಟರನ್ನೋ ಮುಂಚಿತವಾಗಿಯೇ ಕಂಡು, ಅಂತಹ ದಿನಗಳಲ್ಲಿ ತಾಯಿ ತಂದೆಯರಲ್ಲಿ ಒಬ್ಬರಿಗೆ ಲೈನಿನ ಹತ್ತಿರದ ಕೆಲಸ ಕೊಡಲು ಸಾಧ್ಯವೇ ಎಂದು ಮಾತನಾಡಬಹುದು. ಫ್ಲೂ ಲೈನ್ ಮನೆಗಳಲ್ಲಿ ಹಬ್ಬಿದರೆ ಕೆಲಸಕ್ಕೆ ಬರುವವರೇ ಕಡಿಮೆಯಾಗುತ್ತಾರೆ ಎಂಬುದು ತೋಟದವರಿಗೆ ಬಿಡಿಸಿ ಹೇಳಬೇಕಾದ ಮಾತೇನೂ ಅಲ್ಲ.

ಹಾಜರಾತಿಯ ಭಯವನ್ನೂ ತೆಗೆಯಬೇಕು. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಶೇ 75ರ ಹಾಜರಾತಿ ಬೇಕೆಂಬ ನಿಯಮವಿದೆ, ನಿಜ. ಆದರೆ ಜ್ವರಕ್ಕೆಂದು ನಾಲ್ಕೈದು ದಿನ ಮನೆಯಲ್ಲಿದ್ದ ಮಾತ್ರಕ್ಕೆ ಆ ಗಡಿ ಮುರಿಯುವುದಿಲ್ಲ ಎಂದು ತರಗತಿ ಶಿಕ್ಷಕರು ಸ್ಪಷ್ಟವಾಗಿ ಹೇಳಬೇಕು. ವಾರ್ಷಿಕೋತ್ಸವದಲ್ಲಿ ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿಯನ್ನು ಇನ್ನಾದರೂ ಕೈಬಿಡುವುದು ಒಳ್ಳೆಯದು. ಆ ಸ್ಟೀಲ್ ಡಬ್ಬಿಯ ಆಸೆಗೆ ಕೆಮ್ಮುತ್ತಾ ಶಾಲೆಗೆ ಬರುವ ಮಗುವನ್ನು ನಾವೇ ತಯಾರು ಮಾಡುತ್ತಿದ್ದೇವೆ. ತಪ್ಪಿಹೋದ ಪಾಠದ ಟಿಪ್ಪಣಿಯನ್ನು ಅದೇ ಲೈನಿನ, ಅದೇ ಹಾಡಿಯ (ಬುಡಕಟ್ಟು ಜನರ ಪುಟ್ಟ ಊರಿನ) ಇನ್ನೊಂದು ಮಗುವಿನ ಕೈಯಲ್ಲಿ ಕಳುಹಿಸಿ ಬಾಗಿಲ ಬಳಿ ಕೊಟ್ಟು ಬರಲು ಹೇಳಿದರೆ ಪೋಷಕರ ಅರ್ಧ ಆತಂಕ ಇಳಿಯುತ್ತದೆ.

ಸಂದೇಶ ಯಾವ ಭಾಷೆಯಲ್ಲಿ ಹೋಗುತ್ತದೆ ಎಂಬುದೂ ಮುಖ್ಯ. ಕನ್ನಡದ ಸುತ್ತೋಲೆಯನ್ನು ಮನೆಗೆ ಕಳುಹಿಸಿ ಕರ್ತವ್ಯ ಮುಗಿಯಿತೆನ್ನುವ ಹಾಗಿಲ್ಲ. ಒಂದೇ ತರಗತಿಯಲ್ಲಿ ಕೊಡವ, ಅರೆಭಾಷೆ, ಮಲಯಾಳ, ತಮಿಳು, ಯರವ ಮಾತನಾಡುವ ಮನೆಗಳ ಮಕ್ಕಳಿರುತ್ತಾರೆ, ಈಚೆಗೆ ಅಸ್ಸಾಮಿನಿಂದ ತೋಟಗಳಿಗೆ ಬಂದವರ ಮಕ್ಕಳೂ ಸೇರಿದ್ದಾರೆ. ಆಯಾ ಭಾಷೆ ಬಲ್ಲ ಪೋಷಕರೊಬ್ಬರಿಂದ ಒಂದು ನಿಮಿಷದ ಧ್ವನಿ ಸಂದೇಶ ಮಾಡಿಸಿ ಇಟ್ಟುಕೊಂಡರೆ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ. ನೆಟ್‌ವರ್ಕ್ ಸಿಗದ ಹಾಡಿಗಳಿಗೆ ಆಶಾ ಕಾರ್ಯಕರ್ತೆಯರ ಮೂಲಕವೇ ಹೇಳಿಸಬೇಕು.

ಇದೆಲ್ಲ ಮಕ್ಕಳಿಗೆ ಮಾತ್ರವಲ್ಲ. ಜ್ವರ ಬಂದ ಶಿಕ್ಷಕರೂ, ಅಡುಗೆ ಸಿಬ್ಬಂದಿಯೂ ಮನೆಯಲ್ಲಿರಬೇಕು. ಏಕೋಪಾಧ್ಯಾಯ ಶಾಲೆಗಳಲ್ಲಿ ಇದು ಎಷ್ಟು ಕಷ್ಟವೆಂದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ಅಂತಹ ದಿನ ಯಾವ ಶಾಲೆಯಿಂದ ಯಾರು ಬರುತ್ತಾರೆ ಎಂಬುದನ್ನು ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್ ಮಟ್ಟದಲ್ಲಿ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಜ್ವರ ಬಂದ ಬೆಳಗ್ಗೆ ಫೋನು ಹಿಡಿದು ಕೂತರೆ ಯಾರೂ ಸಿಗುವುದಿಲ್ಲ.

ಮಳೆಯಲ್ಲಿ ಕಿಟಕಿ ತೆರೆಯುವುದು

ಮುಚ್ಚಿದ ಕೋಣೆಯಲ್ಲಿ ನಲವತ್ತು ಮಕ್ಕಳು ಉಸಿರಾಡಿದ ಗಾಳಿಯನ್ನೇ ಮತ್ತೆ ಉಸಿರಾಡುತ್ತಾರೆ. ಗಾಳಿ ಬದಲಾದರೆ ಅದರಲ್ಲಿ ತೇಲುವ ಕಣಗಳು ತೆಳುವಾಗುತ್ತವೆ, ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಆದರೆ ಕಿಟಕಿ ತೆರೆದಿಡಿ ಎಂಬ ಸಲಹೆಯನ್ನು ಜುಲೈ ತಿಂಗಳ ಮಡಿಕೇರಿಯಲ್ಲಿ ಹೇಳಿದರೆ ಯಾರಿಗಾದರೂ ನಗು ಬರುತ್ತದೆ. ಹಾಗಾಗಿ ಯಾವ ಕಿಟಕಿ, ಯಾವಾಗ, ಎಷ್ಟು ಎಂದು ಹೇಳಬೇಕಾಗುತ್ತದೆ.

ಮುಂಗಾರಿನ ಗಾಳಿ ಇಲ್ಲಿ ಪಶ್ಚಿಮ ಮತ್ತು ನೈರುತ್ಯದಿಂದ ಬೀಸುತ್ತದೆ. ಎರಚಲು ಹೊಡೆಯುವುದು ಆ ಬದಿಯ ಕಿಟಕಿಗಳಿಂದ. ಅವನ್ನು ಮುಚ್ಚಿ, ಪೂರ್ವದ ಬದಿಯ ಕಿಟಕಿಗಳನ್ನೂ ಜಗಲಿಯ ಕಡೆಗಿನ ಬಾಗಿಲನ್ನೂ ತೆರೆದಿಟ್ಟರೆ ಬಹಳಷ್ಟು ಕೊಠಡಿಗಳಲ್ಲಿ ಪುಸ್ತಕ ನೆನೆಯದೆ ಗಾಳಿಯಾಡುತ್ತದೆ. ಗುಡ್ಡದ ಮರೆಯಲ್ಲಿರುವ ಕಟ್ಟಡಗಳಲ್ಲಿ ಗಾಳಿಯ ದಿಕ್ಕು ಬೇರೆಯಾಗಿರುವುದುಂಟು. ಮಳೆ ಬಂದ ಮೊದಲ ವಾರದಲ್ಲಿ ಯಾವ ಕಿಟಕಿಯ ಕೆಳಗೆ ನೆಲ ಒದ್ದೆಯಾಗುತ್ತದೆ ಎಂದು ನೋಡಿ, ಒಣಗಿರುವ ಬದಿಯ ಕಿಟಕಿಗಳಿಗೆ ಸುಣ್ಣದಿಂದಲೋ ಬಣ್ಣದಿಂದಲೋ ಒಂದು ಗುರುತು ಹಾಕಿ, ಅವು ಮಾತ್ರ ಸದಾ ತೆರೆದಿರಬೇಕೆಂದು ನಿಗದಿ ಮಾಡಬಹುದು. ಎರಡು ಬದಿಯಿಂದಲೂ ಎರಚಲು ಬರುವ ದಿನ ಪ್ರತಿ ಪೀರಿಯಡ್ ಮುಗಿದಾಗ ಐದು ನಿಮಿಷ ಎಲ್ಲವನ್ನೂ ತೆರೆಯಬೇಕು, ಮಕ್ಕಳು ಊಟಕ್ಕೆ ಹೊರಹೋದಾಗ ಪೂರ್ತಿ ಸಮಯ ತೆರೆದಿರಬೇಕು.

ಹಳೆಯ ಹಂಚಿನ ಮಾಡಿನ ಶಾಲೆಗಳು ಈ ವಿಷಯದಲ್ಲಿ ಪುಣ್ಯ ಮಾಡಿವೆ. ಗೋಡೆಗೂ ಮಾಡಿಗೂ ನಡುವಿನ ಸಂದಿಯಲ್ಲಿ ಗಾಳಿ ತಾನಾಗಿಯೇ ಓಡಾಡುತ್ತದೆ. ಚಳಿಯೆಂದು ಆ ಸಂದಿಗೆ ಗೋಣಿಚೀಲ, ಥರ್ಮಾಕೋಲ್ ತುರುಕಿದ್ದರೆ ತೆಗೆಸಬೇಕು. ಆರ್‌ಸಿಸಿ ಕಟ್ಟಡಗಳಲ್ಲಿ ಮೇಲಿನ ವೆಂಟಿಲೇಟರ್‌ಗಳಿಗೆ ರಟ್ಟು ಹೊಡೆದಿರುವುದನ್ನು ಎಲ್ಲೆಡೆ ಕಾಣುತ್ತೇವೆ, ಹಕ್ಕಿಯ ಕಾಟವಿದ್ದರೆ ಅಲ್ಲಿ ಜಾಲರಿ ಹಾಕಿದರಾಯಿತು. ಮಕ್ಕಳಿಗೆ ಚಳಿಯಾಗದಂತೆ ಒಳಗೊಂದು ಬೆಚ್ಚನೆಯ ಬಟ್ಟೆ ಹಾಕಿ ಕಳುಹಿಸಲು ಪೋಷಕರಿಗೆ ಹೇಳಬೇಕು, ಸಮವಸ್ತ್ರದ ಬಣ್ಣದ ಸ್ವೆಟರೇ ಆಗಬೇಕೆಂಬ ಹಟವನ್ನು ಮಳೆಗಾಲಕ್ಕಾದರೂ ಬಿಡಬೇಕು. ಎರಡು ಸ್ವೆಟರಿದ್ದರೆ ಒಂದು ಒಣಗುವಾಗ ಇನ್ನೊಂದನ್ನು ಹಾಕಿಕೊಳ್ಳಬಹುದು.

ಒದ್ದೆ ರೈನ್‌ಕೋಟು, ಕೊಡೆಗಳಿಗೆ ಜಗಲಿಯಲ್ಲಿ ಒಂದು ಹಗ್ಗ ಕಟ್ಟಿ ಅಲ್ಲೇ ನೇತುಹಾಕಿಸಿದರೆ ಕೊಠಡಿಯೊಳಗಿನ ತೇವ ಕಡಿಮೆಯಾಗುತ್ತದೆ, ಕಿಟಕಿ ತೆರೆಯಲೂ ಮನಸ್ಸು ಬರುತ್ತದೆ. ಕೊಠಡಿಯಲ್ಲಿ ಸಾಂಬ್ರಾಣಿ, ಕರ್ಪೂರದ ಹೊಗೆ ಹಾಕುವುದರಿಂದ ವೈರಾಣು ಸಾಯುವುದಿಲ್ಲ. ಕೆಮ್ಮುವ ಮಗು ಇನ್ನಷ್ಟು ಕೆಮ್ಮುತ್ತದೆ, ಅಷ್ಟೇ.

ಕೈ, ಮೂಗು, ತೋಳು

ಸೋಪು ವೈರಾಣುವಿನ ಹೊರಗಿನ ಕೊಬ್ಬಿನ ಪೊರೆಯನ್ನೇ ಒಡೆಯುತ್ತದೆ, ಆದ್ದರಿಂದ ಬರಿ ನೀರಿಗಿಂತ ಅದು ಎಷ್ಟೋ ಮೇಲು. 20 ಸೆಕೆಂಡ್ ಉಜ್ಜಬೇಕು. ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ಅಡಿ ಎಲ್ಲವೂ ಸೇರಬೇಕು. ಎರಡರ ಮಗ್ಗಿಯನ್ನು ನಿಧಾನವಾಗಿ ಹೇಳಿ ಮುಗಿಸುವಷ್ಟು ಹೊತ್ತು ಎಂದು ಮಕ್ಕಳಿಗೆ ಹೇಳಿದರೆ ಗಡಿಯಾರ ನೋಡುವ ಅಗತ್ಯವಿಲ್ಲ.

ಆದರೆ ಮಳೆಗಾಲದ ಬೆಳಗ್ಗೆ ಟ್ಯಾಂಕಿನ ನೀರು ಎಷ್ಟು ತಣ್ಣಗಿರುತ್ತದೆಂದರೆ ಮಗ್ಗಿ ಎರಡೆರಡ್ಲಿ ನಾಲ್ಕಕ್ಕೇ ನಿಲ್ಲುತ್ತದೆ. ಮಕ್ಕಳು ಬೆರಳ ತುದಿ ಮಾತ್ರ ಒದ್ದೆ ಮಾಡಿ ಸ್ವೆಟರಿಗೆ ಒರೆಸಿಕೊಂಡು ಓಡುತ್ತಾರೆ. ಬಿಸಿ ನೀರಿಗೆ ವೈರಾಣುವನ್ನು ಕೊಲ್ಲುವ ವಿಶೇಷ ಗುಣವೇನೂ ಇಲ್ಲ, ತಣ್ಣೀರಿನಲ್ಲೂ ಸೋಪು ತನ್ನ ಕೆಲಸ ಮಾಡುತ್ತದೆ. ಆದರೂ ಮಕ್ಕಳು ನಲ್ಲಿಯ ಬಳಿ 20 ಸೆಕೆಂಡ್ ನಿಲ್ಲಬೇಕಾದರೆ ಬಿಸಿಯೂಟದ ಒಲೆಯಿಂದ ಒಂದು ಕೊಡ ಬಿಸಿನೀರು ತಂದು ಡ್ರಮ್ಮಿಗೆ ಬೆರೆಸಿ ಉಗುರುಬೆಚ್ಚಗೆ ಮಾಡಿಡುವುದು ಒಳ್ಳೆಯ ಉಪಾಯ. ಬಾರ್ ಸೋಪನ್ನು ಹಾಗೆಯೇ ಇಟ್ಟರೆ ಕರಗಿ ಹೋಗುತ್ತದೆ ಅಥವಾ ಕಾಗೆ ಕಚ್ಚಿಕೊಂಡು ಹೋಗುತ್ತದೆ. ಹಳೆಯ ಕಾಲುಚೀಲದಲ್ಲೋ ಈರುಳ್ಳಿಯ ಬಲೆ ಚೀಲದಲ್ಲೋ ಹಾಕಿ ನಲ್ಲಿಗೆ ಕಟ್ಟಿದರೆ ಬಾಳಿಕೆ ಬರುತ್ತದೆ. ನೀರಿಲ್ಲದ ಕಡೆ ಶೇ 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಬಳಸಬಹುದು, ಆದರೆ ಬಾಟಲಿ ಶಿಕ್ಷಕರ ಬಳಿಯೇ ಇರಲಿ, ಅಡುಗೆ ಒಲೆಯಿಂದ ದೂರವಿರಲಿ. ಶಾಲೆಗೆ ಬಂದ ಕೂಡಲೇ, ಹಾಲು ಕುಡಿಯುವ ಮೊದಲು, ಊಟಕ್ಕೆ ಮೊದಲು, ಶೌಚಾಲಯದಿಂದ ಬಂದ ಮೇಲೆ, ಮೂಗು ಸೀಟಿದ ಮೇಲೆ ಕೈ ತೊಳೆಯುವುದು ರೂಢಿಯಾಗಬೇಕು.

ಕೆಮ್ಮುವಾಗ ಅಂಗೈ ಅಡ್ಡ ಹಿಡಿಯುವ ಬದಲು ಮೊಣಕೈಯ ಒಳಭಾಗಕ್ಕೆ ಕೆಮ್ಮಲು ಕಲಿಸಬೇಕು. ಇಲ್ಲಿಯೇ ನಮ್ಮ ಮಕ್ಕಳ ಸ್ವೆಟರಿನ ಸಮಸ್ಯೆ ಬರುತ್ತದೆ: ಮಳೆಗಾಲದಲ್ಲಿ ಸ್ವೆಟರು ಒಗೆದರೆ ಒಣಗುವುದಿಲ್ಲವೆಂದು ವಾರಗಟ್ಟಲೆ ಒಗೆಯುವುದಿಲ್ಲ, ಮೂಗು ಒರೆಸುವುದು ಅದರ ತೋಳಿನ ತುದಿಗೇ. ಅಂಗಿಗೆ ಪಿನ್ನಿನಿಂದ ಸಿಕ್ಕಿಸಿದ ಹಳೆಯ ಹತ್ತಿ ಬಟ್ಟೆಯ ಕರ್ಚೀಫು ಇದಕ್ಕೆ ಸರಿಯಾದ ಪರಿಹಾರ. ದಿನಕ್ಕೊಂದು ಬೇಕು, ಸಂಜೆ ಒಗೆದು ಒಲೆಯ ಮೇಲಿನ ಹಗ್ಗದಲ್ಲಿ ಹಾಕಿದರೆ ಬೆಳಗ್ಗೆಗೆ ಒಣಗಿರುತ್ತದೆ.

ಕೆಮ್ಮು ನೆಗಡಿ ಇರುವ, ಆದರೆ ಜ್ವರವಿಲ್ಲದ ಮಕ್ಕಳು ಮಾಸ್ಕ್ ಹಾಕಿಕೊಂಡರೆ ಉಪಯೋಗವಿದೆ. ಮಳೆಯಲ್ಲಿ ನೆನೆದ ಮಾಸ್ಕ್ ಕೆಲಸಕ್ಕೆ ಬಾರದು, ಉಸಿರಾಡಲೂ ಕಷ್ಟ. ಬ್ಯಾಗಿನಲ್ಲಿ ಇನ್ನೊಂದು ಒಣಗಿದ್ದು ಇರಬೇಕು. ಐದು ವರ್ಷದೊಳಗಿನ ಅಂಗನವಾಡಿ ಮಕ್ಕಳಿಗೆ ಮಾಸ್ಕ್ ಬೇಡ.

ಸ್ವಚ್ಛತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಾಗಿಲ ಚಿಲಕ, ನಲ್ಲಿ, ಡೆಸ್ಕು, ಕಂಪ್ಯೂಟರ್ ಕೀಲಿಮಣೆಗಳನ್ನು ದಿನಕ್ಕೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಚಿಕ್ಕ ಮಕ್ಕಳು ಕಾರ್ಡುಗಳ ಮೂಲಕ ಕಲಿಯುವ ನಲಿ-ಕಲಿ ತರಗತಿಗಳಲ್ಲಿ ಒಂದೇ ಕಾರ್ಡು ಹತ್ತು ಕೈ ದಾಟುವುದರಿಂದ ಲ್ಯಾಮಿನೇಷನ್ ಮಾಡಿಸಿದ ಕಾರ್ಡುಗಳನ್ನು ಸಂಜೆ ಒರೆಸಿಡಬೇಕು. ಬ್ಲೀಚಿಂಗ್ ಪೌಡರನ್ನು ಶೌಚಾಲಯದ ಆ್ಯಸಿಡ್ ಜೊತೆ ಎಂದೂ ಬೆರೆಸಬಾರದು, ಅದರಿಂದ ವಿಷಾನಿಲ ಹೊರಬರುತ್ತದೆ. ಕುಡಿಯುವ ನೀರಿನ ಡ್ರಮ್ಮಿಗೆ ಸರಪಳಿ ಕಟ್ಟಿದ ಒಂದೇ ಲೋಟ ಇದ್ದರೆ ತೆಗೆದುಬಿಡಿ. ಹಾಕಿ ಅಭ್ಯಾಸದ ನಂತರ ಒಂದೇ ಬಾಟಲಿಗೆ ಎಲ್ಲರೂ ಬಾಯಿ ಹಚ್ಚುವುದನ್ನೂ ನಿಲ್ಲಿಸಿ.

ಜೀಪು ಮತ್ತು ಆಟೊ

ಶಾಲೆಯಲ್ಲಿ ಎಷ್ಟೇ ಎಚ್ಚರ ವಹಿಸಿದರೂ ಜೀಪಿನಲ್ಲಿ ಅದೆಲ್ಲ ನೀರುಪಾಲಾಗಬಹುದು. ಟಾರ್ಪಾಲು ಇಳಿಬಿಟ್ಟ ಜೀಪಿನಲ್ಲಿ ಮಕ್ಕಳು ಒಬ್ಬರ ತೊಡೆಯ ಮೇಲೊಬ್ಬರು ಕೂತು ಅರ್ಧ ಗಂಟೆ ಪ್ರಯಾಣಿಸುವುದೆಂದರೆ ತರಗತಿಗಿಂತ ಹತ್ತಿರದ ಸಂಪರ್ಕ. ಹಿಂಭಾಗದ ಟಾರ್ಪಾಲಿನ ಮೇಲ್ತುದಿಯನ್ನು ಒಂದು ಗೇಣಾದರೂ ಬಿಟ್ಟಿರಲು ಚಾಲಕರಿಗೆ ಹೇಳಬೇಕು, ಕೆಮ್ಮುವ ಮಗುವನ್ನು ಅಲ್ಲಿಯೇ ಕೂರಿಸಬೇಕು, ಜೀಪಿನೊಳಗೆ ಎಲ್ಲರೂ ಮಾಸ್ಕ್ ಹಾಕುವುದು ಇನ್ನೂ ಒಳ್ಳೆಯದು. ಹತ್ತುವಾಗಲೇ ಮಂಕಾಗಿರುವ ಮಗುವನ್ನು ಮೊದಲು ಕಾಣುವವರು ಚಾಲಕರೇ. ಅಂತಹ ಮಗುವನ್ನು ಮನೆಯವರ ಬಳಿಯೇ ಬಿಟ್ಟು ಬರಲು ಅವರಿಗೆ ಅಧಿಕಾರವಿದೆ ಎಂದು ಪೋಷಕರ ಸಭೆಯಲ್ಲಿ ಅವರ ಎದುರಿಗೇ ಹೇಳಿಬಿಡಬೇಕು.

ಶಾಲೆಯಲ್ಲೇ ಜ್ವರ ಬಂದರೆ

ಡಿಜಿಟಲ್ ಥರ್ಮಾಮೀಟರ್ ಒಂದು ಶಾಲೆಯಲ್ಲಿರಬೇಕು, ಪ್ರತಿ ಬಳಕೆಯ ನಂತರ ಸ್ಪಿರಿಟ್ಟಿನಿಂದ ಒರೆಸಬೇಕು. ಜ್ವರವಿದ್ದರೆ ಮಗುವನ್ನು ಬೇರೆ ಕೋಣೆಯಲ್ಲಿ, ಕೋಣೆಯಿಲ್ಲದಿದ್ದರೆ ಎರಚಲು ಬೀಳದ ಜಗಲಿಯ ಮೂಲೆಯಲ್ಲಿ, ಮಾಸ್ಕ್ ಹಾಕಿಸಿ ಕೂರಿಸಬೇಕು ಅಥವಾ ಮಲಗಿಸಬೇಕು. ಹೊದೆಯಲು ಒಂದು ಶಾಲು, ಕುಡಿಯಲು ಬಿಸಿ ನೀರು, ಮಾತನಾಡಿಸಲು ಒಬ್ಬ ದೊಡ್ಡವರು ಬೇಕು. ಬೇರೆ ಕೂರಿಸಿದ್ದು ಶಿಕ್ಷೆಯೆಂದು ಮಗುವಿಗೂ ಅನ್ನಿಸಬಾರದು, ಉಳಿದವರಿಗೂ ಅನ್ನಿಸಬಾರದು. ಪೋಷಕರ ಒಪ್ಪಿಗೆಯಿಲ್ಲದೆ ಶಾಲೆ ಯಾವ ಮಾತ್ರೆಯನ್ನೂ ಕೊಡಬಾರದು. ಆಸ್ಪಿರಿನ್ ಅನ್ನು ಮಕ್ಕಳಿಗೆ ಯಾರೂ ಕೊಡಬಾರದು. ಫ್ಲೂ ಇರುವ ಮಕ್ಕಳಲ್ಲಿ ಅದು ಮಿದುಳು ಮತ್ತು ಯಕೃತ್ತಿಗೆ ಅಪಾಯ ತರುವ ರೇಯ್ಸ್ ಸಿಂಡ್ರೋಮ್‌ಗೆ ದಾರಿ ಮಾಡಬಹುದು. ಆ್ಯಂಟಿಬಯೋಟಿಕ್‌ಗಳು ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ, ಕಳೆದ ಸಲದ್ದು ಉಳಿದಿದೆ ಎಂದು ಕುಡಿಸಬಾರದು.

ಕರಿಮೆಣಸು, ಶುಂಠಿ, ಬೆಲ್ಲದ ಕಷಾಯ ಗಂಟಲಿಗೆ ಹಿತ, ಮಗು ಅದನ್ನು ಕುಡಿದಷ್ಟೂ ದೇಹಕ್ಕೆ ನೀರು ಸೇರುತ್ತದೆ; ಆದರೆ ಅದು ಸೋಂಕನ್ನು ತಡೆಯುವುದಿಲ್ಲ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡುವುದು ಬೇಡ, ಪಾತ್ರೆ ಮಗುಚಿದರೆ ಸುಟ್ಟಗಾಯ ಜ್ವರಕ್ಕಿಂತ ದೊಡ್ಡ ಕಷ್ಟವಾಗುತ್ತದೆ.

ಹೆಚ್ಚಿನ ಮಕ್ಕಳು ವಿಶ್ರಾಂತಿಯಿಂದಲೇ ವಾರದೊಳಗೆ ಚೇತರಿಸಿಕೊಳ್ಳುತ್ತಾರೆ, ಅವರಿಗೆ ಪರೀಕ್ಷೆಯೂ ಬೇಕಾಗುವುದಿಲ್ಲ. ಆದರೆ ಉಸಿರು ವೇಗವಾಗಿದ್ದರೆ, ಉಸಿರೆಳೆಯುವಾಗ ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿದ್ದರೆ, ತುಟಿ ಅಥವಾ ಉಗುರು ನೀಲಿಯಾಗಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ನೀರು ಕುಡಿಯದಿದ್ದರೆ, ಎಂಟು ಗಂಟೆ ಮೂತ್ರ ಮಾಡದಿದ್ದರೆ, ಫಿಟ್ಸ್ ಬಂದರೆ ಅಥವಾ ಇಳಿದ ಜ್ವರ ಮತ್ತೆ ಹೆಚ್ಚಾಗಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆಸ್ತಮಾ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವ ಮಕ್ಕಳನ್ನು ಮೊದಲ ದಿನವೇ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಔಷಧಿ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲಕಾರಿ. ಗಾಳಿಮಳೆಗೆ ಕರೆಂಟು ಹೋಗಿ ಟವರ್ ನಿಂತ ದಿನ 108ಕ್ಕೆ ಕರೆ ಹೋಗದೇ ಇರಬಹುದು. ಊರಿನಲ್ಲಿ ಯಾರ ಜೀಪು ಯಾವ ಹೊತ್ತಿನಲ್ಲೂ ಸಿಗುತ್ತದೆ, ಯಾವ ಅಂಗಡಿಯಲ್ಲಿ ಲ್ಯಾಂಡ್‌ಲೈನ್ ಇದೆ ಎಂಬುದನ್ನು ಶಾಲೆಯ ಗೋಡೆಯ ಮೇಲೆ ಬರೆದಿಟ್ಟಿರಬೇಕು.

ಲಸಿಕೆ

ಫ್ಲೂ ಲಸಿಕೆಯನ್ನು 6 ತಿಂಗಳು ತುಂಬಿದವರು ಯಾರು ಬೇಕಾದರೂ ಪಡೆಯಬಹುದು. ವೈರಾಣು ರೂಪ ಬದಲಿಸುತ್ತಿರುವುದರಿಂದ ಪ್ರತಿ ವರ್ಷವೂ ಹಾಕಿಸಬೇಕು. 9 ವರ್ಷದೊಳಗಿನ ಮಗು ಮೊದಲ ಸಲ ಹಾಕಿಸಿಕೊಳ್ಳುವುದಾದರೆ 4 ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು, ರಕ್ಷಣೆ ಮೂಡಲು ಸುಮಾರು ಎರಡು ವಾರ ಹಿಡಿಯುತ್ತದೆ. ಲೆಕ್ಕ ಹಾಕಿದರೆ ಕೊಡಗಿನವರು ಏಪ್ರಿಲ್ ತಿಂಗಳಲ್ಲೇ ಶುರುಮಾಡಬೇಕು. ಸರಕಾರದ ಉಚಿತ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಸೇರಿಲ್ಲ, ಖಾಸಗಿಯಾಗಿ ಹಣ ಕೊಟ್ಟೇ ಹಾಕಿಸಬೇಕಾಗುತ್ತದೆ, ಆದ್ದರಿಂದ ಎಲ್ಲ ಮಕ್ಕಳಿಗೂ ಹಾಕಿಸಿ ಎಂದು ಶಾಲೆ ಒತ್ತಾಯಿಸುವುದು ಸರಿಯಲ್ಲ. ಮೊದಲ ಆದ್ಯತೆ ಆಸ್ತಮಾದಂತಹ ತೊಂದರೆಯಿರುವ ಮಕ್ಕಳಿಗೆ, ಗರ್ಭಿಣಿ ಶಿಕ್ಷಕಿಯರಿಗೆ, ವಯಸ್ಸಾದ ಅಡುಗೆ ಸಿಬ್ಬಂದಿಗೆ ಇರಲಿ.

ಆಶ್ರಮ ಶಾಲೆ, ಹಾಸ್ಟೆಲ್‌ಗಳಲ್ಲಿ

ಮನೆಗೆ ಕಳುಹಿಸಿ ಎಂಬ ಮಾತು ವಸತಿ ಶಾಲೆಗಳಲ್ಲಿ ನಡೆಯುವುದಿಲ್ಲ. ಜ್ವರವಿರುವ ಮಗುವನ್ನು ಬಸ್ಸು ಹತ್ತಿಸಿ ಹಾಡಿಗೆ ಕಳುಹಿಸಿದರೆ ಸೋಂಕು ಬಸ್ಸಿಗೂ, ಮನೆಯ ಅಜ್ಜ ಅಜ್ಜಿಯರಿಗೂ ತಲುಪುತ್ತದೆ. ಬದಲಿಗೆ ಗಾಳಿಯಾಡುವ, ಸಾಧ್ಯವಾದರೆ ತನ್ನದೇ ಶೌಚಾಲಯವಿರುವ ಒಂದು ಕೋಣೆಯನ್ನು ಜೂನ್‌ನಲ್ಲೇ ಖಾಲಿ ಮಾಡಿಟ್ಟಿರಬೇಕು. ಸಾಮಾನ್ಯ ಮಲಗುವ ಕೋಣೆಯಲ್ಲಿ ಒಬ್ಬರ ತಲೆಯ ಪಕ್ಕ ಇನ್ನೊಬ್ಬರ ಕಾಲು ಬರುವಂತೆ ಹಾಸಿಗೆಗಳನ್ನು ಹಾಸಿದರೆ ಜಾಗ ಹೆಚ್ಚಿಸದೆಯೇ ಮುಖಗಳ ನಡುವಿನ ದೂರ ಹೆಚ್ಚುತ್ತದೆ. ಟವೆಲ್, ಲೋಟ, ಹೊದಿಕೆಗಳ ಮೇಲೆ ಹೆಸರಿರಬೇಕು. ಕಾಯಿಲೆಯ ಮಕ್ಕಳ ಬಳಿ ಒಬ್ಬರೇ ಸಿಬ್ಬಂದಿ ಓಡಾಡಬೇಕು, ರಾತ್ರಿ ಅವರನ್ನು ಎರಡು ಸಲವಾದರೂ ನೋಡಬೇಕು. ಚಿಕ್ಕ ಮಕ್ಕಳು ಉಸಿರು ಕಟ್ಟುತ್ತಿದೆ ಎಂದು ವಾರ್ಡನ್‌ರ ಬಾಗಿಲು ತಟ್ಟುವುದಿಲ್ಲ.

ಎಲ್ಲ ಶಾಲೆಗಳಲ್ಲೂ ಹಾಜರಾತಿ ಪುಸ್ತಕದಲ್ಲಿ ಬರಿ ಗೈರುಹಾಜರಿ ಗುರುತಿನ ಬದಲು, ಜ್ವರಕ್ಕೆ ಬಾರದ ಮಕ್ಕಳಿಗೆ ಪಕ್ಕದಲ್ಲಿ 'ಜ್ವ' ಎಂದು ಪೆನ್ಸಿಲ್ಲಿನಲ್ಲಿ ಬರೆದರೆ ಸಾಕು, ಯಾವ ತರಗತಿಯಲ್ಲಿ ಹೆಚ್ಚುತ್ತಿದೆ ಎಂಬುದು ಒಂದು ನೋಟಕ್ಕೆ ಕಾಣುತ್ತದೆ. ಒಂದೇ ತರಗತಿಯಲ್ಲಿ ಎರಡು ಮೂರು ದಿನಗಳೊಳಗೆ ಮೂವರಿಗಿಂತ ಹೆಚ್ಚು ಮಕ್ಕಳಿಗೆ ಹೀಗಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಅಲ್ಲಿಂದ ರೋಗಗಳ ಮೇಲೆ ನಿಗಾ ಇಡುವ ಜಿಲ್ಲಾ ಸರ್ವೇಕ್ಷಣಾಧಿಕಾರಿಗಳಿಗೆ ಮಾಹಿತಿ ಹೋಗುತ್ತದೆ. ಮೂವರು ಎಂಬುದು ನಾನು ಅನುಕೂಲಕ್ಕೆ ಹೇಳುವ ಅಂದಾಜು. ಹನ್ನೆರಡು ಮಕ್ಕಳ ಶಾಲೆಯಲ್ಲಿ ಇಬ್ಬರಾದರೂ ತಿಳಿಸಬಹುದು. ಆ ವಾರ ಪ್ರಾರ್ಥನೆಯನ್ನು ಆಯಾ ತರಗತಿಯಲ್ಲೇ ಮಾಡಿಸಿ, ತರಗತಿಗಳನ್ನು ಒಟ್ಟು ಸೇರಿಸುವ ಕಾರ್ಯಕ್ರಮಗಳನ್ನು ಮುಂದೂಡಿ, ಊಟವನ್ನು ಎರಡು ಪಂಕ್ತಿಯಲ್ಲಿ ಬಡಿಸಬೇಕು. ಶಾಲೆಗೆ ರಜೆ ಕೊಡುವ ತೀರ್ಮಾನ ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳಿಗೆ ಸೇರಿದ್ದು, ಅದರ ಅಗತ್ಯ ಬೀಳುವುದು ಅಪರೂಪ. ಮಳೆಗೆಂದು ಜಿಲ್ಲಾಡಳಿತ ಕೊಡುವ ರಜೆಯನ್ನು ಫ್ಲೂ ರಜೆಯೆಂದು ನೆಚ್ಚಿಕೊಳ್ಳುವಂತಿಲ್ಲ. ಆ ದಿನ ಲೈನಿನ ಮಕ್ಕಳೆಲ್ಲ ಯಾರದಾದರೂ ಒಬ್ಬರ ಮನೆಯ ಟಿವಿಯ ಮುಂದೆ ಸೇರಿರುತ್ತಾರೆ. ರಜೆ ಮುಗಿದು ಬಂದ ಮೊದಲ ಬೆಳಗ್ಗೆ ಯಾರು ಕೆಮ್ಮುತ್ತಿದ್ದಾರೆ ಎಂದು ವಿಶೇಷವಾಗಿ ಗಮನಿಸಬೇಕು.

ಗುಣವಾಗಿ ಮರಳಿದ ಮಗುವಿಗೆ ವೈದ್ಯರ ಪ್ರಮಾಣಪತ್ರ ತರಲೇಬೇಕೆಂದು ಕಡ್ಡಾಯ ಮಾಡಬೇಡಿ. ಅದಕ್ಕಾಗಿ ತಾಯಿ ಇನ್ನೊಂದು ದಿನದ ಕೂಲಿ ಕಳೆದುಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಜ್ವರ ಬಿಟ್ಟು ಒಂದು ದಿನವಾಯಿತೇ, ಮಾತ್ರೆ ಕೊಟ್ಟಿದ್ದೀರಾ, ಊಟ ಮಾಡುತ್ತಿದ್ದಾನಾ ಎಂದು ಕೇಳಿದರೆ ಸಾಕು. ಕೆಮ್ಮು ಇನ್ನೊಂದೆರಡು ವಾರ ಉಳಿಯಬಹುದು, ಅದಕ್ಕೆ ಮಗುವನ್ನು ಮತ್ತೆ ಮನೆಗೆ ಅಟ್ಟಬೇಕಿಲ್ಲ. ಕೆಲವು ದಿನ ಓಟ, ಹಾಕಿಯಿಂದ ಬಿಡುವು ಕೊಟ್ಟು, ತೆರೆದ ಕಿಟಕಿಯ ಬದಿಯ ಬೆಂಚಿನಲ್ಲಿ ಕೂರಿಸಿ.